ಜೀಪಿನ ಎದೆ ಬಿಚ್ಚಿ ಕಟ್ಟಿದ ಕಥೆ

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತುವ ಮಣ್ಣುದಾರಿಯಲ್ಲಿ ಜೀಪಲ್ಲದೆ ಬೇರೆ ವಾಹನದ ಆಟ ನಡೆಯುವುದಿಲ್ಲ. ಮಳೆನೀರು ಕೊಚ್ಚಿ ಮಾಡಿದ ಕೊರಕಲು, ಅದರ ನಡುವೆ ಎದ್ದುನಿಂತ ಬಂಡೆ, ಮಗ್ಗುಲಲ್ಲೇ ಪ್ರಪಾತ. ಹಿಂದೆ ಕುಳಿತ ಯಾತ್ರಿಕರು ಕಂಬಿ ಹಿಡಿದು ದೇವರನ್ನು ನೆನೆಯುತ್ತಿದ್ದರೆ ಮುಂದೆ ಕುಳಿತ ಚಾಲಕನ ಗಮನವೆಲ್ಲ ಎಂಜಿನ್ನಿನ ಸದ್ದಿನ ಮೇಲಿರುತ್ತದೆ. ಸದ್ದು ಸ್ವಲ್ಪ ಬದಲಾದರೂ ಅವನ ಕಾಲು, ಕೈ ಎರಡೂ ಚುರುಕಾಗುತ್ತವೆ. ಮಡಿಕೇರಿ ಬಳಿಯ ಮಾಂದಲಪಟ್ಟಿಯಲ್ಲೂ, ಬಾಬಾಬುಡನ್‌ಗಿರಿಯ ಝರಿ ಜಲಪಾತದ ದಾರಿಯಲ್ಲೂ ಕಾಣುವುದು ಇದೇ ದೃಶ್ಯ.

ಇಂಥ ಹಳೆಯ ಜೀಪೊಂದಕ್ಕೆ ವಯಸ್ಸೆಷ್ಟು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದು ಕಷ್ಟ. ಚಾಸಿಸ್ಸಿಗೆ ಒಂದು ವಯಸ್ಸು, ಬಾಡಿಗೆ ಇನ್ನೊಂದು, ಎಂಜಿನ್ನಿಗೆ ಮತ್ತೊಂದು. ಎಂಜಿನ್ನಿನ ಒಳಗೂ ಬ್ಲಾಕು ಒಂದು ಕಾಲದ್ದಾದರೆ ಪಿಸ್ಟನ್ನುಗಳು ಇನ್ನೊಂದು ಕಾಲದವು. ಜೀಪಿನ ಚರಿತ್ರೆ ಬರೆದವರು ಅದನ್ನು ಯಾರು ರೂಪಿಸಿದರು, ಎಷ್ಟು ತಯಾರಾದವು, ಯಾವ ಯುದ್ಧದಲ್ಲಿ ಎಲ್ಲೆಲ್ಲಿ ಓಡಿದವು ಎಂಬುದನ್ನು ವಿಸ್ತಾರವಾಗಿ ಬರೆದಿದ್ದಾರೆ. ಅದನ್ನು ಎಷ್ಟು ಸಲ ಬಿಚ್ಚಿ ಕಟ್ಟಲಾಯಿತು ಎಂಬುದು ಇನ್ನೊಂದೇ ಚರಿತ್ರೆ. ನಮ್ಮ ದೇಶದ ಮಟ್ಟಿಗಂತೂ ಜೀಪನ್ನು ಉಳಿಸಿದ್ದು ಕಾರ್ಖಾನೆಗಿಂತ ಹೆಚ್ಚಾಗಿ ಈ ಎರಡನೆಯ ಚರಿತ್ರೆಯೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರವನ್ನು ಮುಜುಗರಕ್ಕೆ ಈಡುಮಾಡಿದ ಮೊದಲ ದೊಡ್ಡ ಹಗರಣವೂ, ಇಂದು ಹಳೆಯ ಜೀಪಿನ ಒಡೆಯರನ್ನು ಕಾಡುತ್ತಿರುವ ಕಾನೂನಿನ ತೊಡಕೂ ಇದರೊಳಗೇ ಬರುತ್ತವೆ.

ಕತೆ ಆರಂಭವಾಗುವುದೇ ಹಳೆಯ ಎಂಜಿನ್ನೊಂದನ್ನು ಹೊಸದಾಗಿ ಕಟ್ಟುವುದರಿಂದ. 1940ರಲ್ಲಿ ಅಮೆರಿಕದ ಸೇನೆ ಕಾಲು ಟನ್ ಭಾರ ಹೊರುವ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಚಿಕ್ಕ ವಾಹನವೊಂದು ಬೇಕೆಂದು ಕಂಪನಿಗಳನ್ನು ಕೇಳಿತು. ಮೊದಲು ಮಾದರಿ ತಯಾರಿಸಿ ಒಪ್ಪಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಅದರ ನಕ್ಷೆ ಬರೆದ. ಆ ವರ್ಷದ ಸೆಪ್ಟೆಂಬರ್ 23ರಂದು ಅದು ಹೋಲಬರ್ಡ್ ಸೇನಾ ನೆಲೆ ಮುಟ್ಟಿತು. ಸ್ವಲ್ಪ ಕಾಲದಲ್ಲೇ ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳೂ ತಮ್ಮ ತಮ್ಮ ಮಾದರಿ ತಂದವು. ಆಕಾರದಲ್ಲಿ ಮೂರೂ ಅಣ್ಣತಮ್ಮಂದಿರಂತೆ ಇದ್ದವು. ವ್ಯತ್ಯಾಸವಿದ್ದದ್ದು ಬಾನೆಟ್ಟಿನ ಕೆಳಗೆ. ಬ್ಯಾಂಟಮ್ ಮತ್ತು ಫೋರ್ಡ್ ಎಂಜಿನ್ನುಗಳು 45ರ ಆಸುಪಾಸಿನ ಅಶ್ವಶಕ್ತಿಯವು, ವಿಲ್ಲಿಸ್ ಎಂಜಿನ್ನಿನದು 60.

ಈ 60 ಅಶ್ವಶಕ್ತಿ ಆಕಾಶದಿಂದ ಇಳಿದದ್ದಲ್ಲ. ವಿಲ್ಲಿಸ್ ಕಂಪನಿ 1920ರ ದಶಕದಲ್ಲಿ ವಿಪೆಟ್ ಎಂಬ ಅಗ್ಗದ ಕಾರು ಮಾಡುತ್ತಿತ್ತು. ಅದರ ನಾಲ್ಕು ಸಿಲಿಂಡರ್ ಎಂಜಿನ್ನೇ ತಿದ್ದುಪಡಿಯಾಗುತ್ತ ಮುಂದಿನ ಕಾರುಗಳಿಗೂ ಬಂತು. 1930ರ ದಶಕದ ಕೊನೆಗೆ ಅದರ ಶಕ್ತಿ 48ಕ್ಕೆ ಬಂದು ನಿಂತಿತ್ತು. ಹೆಚ್ಚು ಹೊತ್ತು ವೇಗವಾಗಿ ಓಡಿಸಿದರೆ ಬೇರಿಂಗು ಹೋಗುವ, ಬಿಸಿಯಾಗಿ ಕೈಕೊಡುವ ಕೆಟ್ಟ ಹೆಸರೂ ಇತ್ತು. ಆಗ ಕಂಪನಿ ಸೇರಿದ ಡೆಲ್ಮಾರ್ ರೂಸ್ ಎಂಬ ಎಂಜಿನಿಯರ್ ಹೊಸ ಎಂಜಿನ್ನಿನ ನಕ್ಷೆ ಹಾಕಲು ಹೋಗಲಿಲ್ಲ, ಕಂಪನಿಯಲ್ಲಿ ಅದಕ್ಕೆ ಹಣವೂ ಇರಲಿಲ್ಲ. ಇದ್ದ ಎಂಜಿನ್ನನ್ನೇ ಬೆಂಚಿನ ಮೇಲಿಟ್ಟು ಓಡಿಸುವುದು, ಮುರಿದದ್ದು ಯಾವುದೆಂದು ನೋಡುವುದು, ಅದನ್ನು ಗಟ್ಟಿಮಾಡುವುದು, ಮತ್ತೆ ಓಡಿಸುವುದು, ಇದೇ ಆತನ ವಿಧಾನ. ಪಿಸ್ಟನ್, ಬೇರಿಂಗು, ವಾಲ್ವು, ನೀರು ಹರಿಯುವ ದಾರಿ ಒಂದೊಂದೇ ಬದಲಾದವು. ನಮ್ಮ ಊರಿನ ಮೇಸ್ತ್ರಿ ಮಾಡುವ ಕೆಲಸವನ್ನೇ ರೂಸ್ ಕಾರ್ಖಾನೆಯ ಮಟ್ಟದಲ್ಲಿ ಮಾಡಿದ ಎನ್ನಬಹುದು. ಹೀಗೆ ಹುಟ್ಟಿದ ಎಂಜಿನ್ನಿಗೆ ಕಂಪನಿ ಇಟ್ಟ ಹೆಸರು ‘ಗೋ ಡೆವಿಲ್’.

ಅದರ ಸಿಲಿಂಡರಿನ ಅಗಲ 3.125 ಇಂಚು, ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 4.375 ಇಂಚು. ಅಗಲಕ್ಕಿಂತ ಉದ್ದ ಇಷ್ಟು ಹೆಚ್ಚಾಗಿದ್ದರಿಂದಲೇ ಅದು ನಿಧಾನವಾಗಿ ತಿರುಗುವಾಗಲೂ ಎಳೆಯುತ್ತದೆ. ದಿಣ್ಣೆ ಹತ್ತುವ ವಾಹನಕ್ಕೆ ಬೇಕಾದದ್ದೂ ಅದೇ. ಆದರೆ ಇದರ ತೂಕ ಹೆಚ್ಚು. ಸೇನೆ ಹಾಕಿದ್ದ 2160 ಪೌಂಡ್ ಮಿತಿಯನ್ನು ವಿಲ್ಲಿಸ್ ಮಾದರಿ ಬಹಳವಾಗಿ ಮೀರಿತು. ಹಗುರವಾದ ಬೇರೆ ಎಂಜಿನ್ ಹಾಕಿದ್ದರೆ ಸಮಸ್ಯೆ ಮುಗಿಯುತ್ತಿತ್ತು. ರೂಸ್ ಒಪ್ಪಲಿಲ್ಲ. ಎಂಜಿನ್ನನ್ನು ಬಿಟ್ಟು ಉಳಿದೆಲ್ಲದರಿಂದ ತೂಕ ಕಳೆಯುವುದೆಂದು ತೀರ್ಮಾನವಾಯಿತು. ನಟ್ಟಿನ ಆಚೆಗೆ ಚಾಚಿದ್ದ ಬೋಲ್ಟಿನ ತುದಿಗಳನ್ನೂ ಕತ್ತರಿಸಿದರು, ಬಣ್ಣವನ್ನು ಒಂದೇ ಸಲ ಬಳಿದರು. 1941ರ ಜುಲೈನಲ್ಲಿ 16,000 ವಾಹನಗಳ ಗುತ್ತಿಗೆ ವಿಲ್ಲಿಸ್‌ಗೆ ದೊರೆಯಿತು. ಒಂದು ಕಂಪನಿಯಿಂದ ಆಗುವಷ್ಟು ಕೆಲಸ ಇದಲ್ಲವೆಂದು ತಿಳಿದ ಮೇಲೆ ಅದೇ ನಕ್ಷೆಯ ಪ್ರಕಾರ ಫೋರ್ಡ್ ಕಂಪನಿಯೂ ತಯಾರಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಮಾಡಿದ ಜೀಪುಗಳು ಆರು ಲಕ್ಷ ದಾಟಿದ್ದವು. ಎಲ್ಲಕ್ಕೂ ಒಂದೇ ಎಂಜಿನ್, ಒಂದರ ಭಾಗ ಇನ್ನೊಂದಕ್ಕೆ ಕೂರುತ್ತಿತ್ತು. ಮುಂದೆ ನಡೆದದ್ದಕ್ಕೆಲ್ಲ ಬುನಾದಿ ಈ ಹೊಂದಾಣಿಕೆಯೇ.

ಸೇನೆಯ ಲೆಕ್ಕದಲ್ಲಿ ಎಂಜಿನ್ ಎಂಬುದು ಟಯರಿನ ಹಾಗೆ ಸವೆದು ಬದಲಾಗುವ ವಸ್ತು. ರಣರಂಗದ ಹಿಂದಿನ ತುಕಡಿ ಕೆಟ್ಟ ಎಂಜಿನ್ನನ್ನು ಇಳಿಸಿ ಸಿದ್ಧವಾಗಿದ್ದ ಇನ್ನೊಂದನ್ನು ಕೂರಿಸಿ ಜೀಪನ್ನು ವಾಪಸು ಕಳಿಸುತ್ತಿತ್ತು. ಇಳಿಸಿದ ಎಂಜಿನ್ ದೂರದ ದೊಡ್ಡ ಕಾರ್ಯಾಗಾರಕ್ಕೆ ಹೋಗಿ, ಪೂರ್ತಿ ಬಿಚ್ಚಿ ಕಟ್ಟಿಸಿಕೊಂಡು, ಮತ್ತಾವುದೋ ಜೀಪಿಗೆ ಸೇರುತ್ತಿತ್ತು. ಇದಕ್ಕಾಗಿಯೇ ಅಮೆರಿಕದ ಸೇನೆ 1944ರಲ್ಲಿ ಜೀಪಿನ ಎಂಜಿನ್ ಮತ್ತು ಕ್ಲಚ್ಚಿಗೆಂದೇ ಬೇರೆಯಾದ ಕೈಪಿಡಿ ಹೊರಡಿಸಿತು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಯಾವ ಭಾಗ ಎಷ್ಟು ಸವೆದರೆ ಎಸೆಯಬೇಕು ಎಂಬುದೆಲ್ಲ ಅದರಲ್ಲಿ ಚಿತ್ರಸಮೇತ ಇದೆ. ಎಂಜಿನ್ ಸಂಖ್ಯೆಯನ್ನು ಬ್ಲಾಕಿನ ಮುಂಭಾಗದಲ್ಲಿ, ನೀರಿನ ಪಂಪಿನ ಬಳಿ ಒತ್ತಲಾಗುತ್ತಿತ್ತು. ವಿಲ್ಲಿಸ್ ಚಾಸಿಸ್ಸಿನ ಮೇಲೆ ಫೋರ್ಡ್ ಎಂಜಿನ್, ಫೋರ್ಡ್ ಚಾಸಿಸ್ಸಿನ ಮೇಲೆ ವಿಲ್ಲಿಸ್ ಎಂಜಿನ್ ಇರುವ ಜೀಪುಗಳು ಯುದ್ಧದ ಕಾಲದಲ್ಲೇ ಸಾಮಾನ್ಯವಾಗಿದ್ದವು. ಅಂದರೆ ‘ಅಸಲಿ ಎಂಜಿನ್’ ಎಂಬ ಮಾತಿಗೆ ಜೀಪಿನ ಮಟ್ಟಿಗೆ ಮೊದಲಿನಿಂದಲೂ ಅಷ್ಟಾಗಿ ಅರ್ಥವಿರಲಿಲ್ಲ.

ಯುದ್ಧ ಮುಗಿದ ಮೇಲೆ ಈ ಕೆಲಸವೇ ಒಂದು ಉದ್ಯಮವಾಯಿತು. ಪೆಸಿಫಿಕ್ ದ್ವೀಪಗಳಲ್ಲಿ ಬಿದ್ದಿದ್ದ ಜೀಪು, ಲಾರಿಗಳನ್ನು ಅಮೆರಿಕನ್ನರು ಜಪಾನಿಗೆ ಸಾಗಿಸಿ ಅಲ್ಲಿನ ಕೆಲಸಗಾರರಿಂದ ಬಿಚ್ಚಿ ಕಟ್ಟಿಸಿದರು. ಕೊರಿಯಾ ಯುದ್ಧಕ್ಕೆ ಹೋದ ಅಮೆರಿಕದ ವಾಹನಗಳಲ್ಲಿ ಹೀಗೆ ಮರುಜೀವ ಪಡೆದವು ಬಹಳ. ಫ್ರಾನ್ಸಿನ ಸೇನೆ ಪ್ಯಾರಿಸ್ ಸಮೀಪದ ಲಾ ಮಾಲ್ಟೂರ್ನೇ ಕಾರ್ಯಾಗಾರದಲ್ಲಿ ಅಮೆರಿಕನ್ನರು ಬಿಟ್ಟುಹೋದ ಜೀಪುಗಳನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿ ಕಟ್ಟಿತು. ಅಲ್ಲಿ ಬೆಳೆದ ಬಿಡಿಭಾಗಗಳ ತಯಾರಿಕೆಯ ಬೆನ್ನಿಗೇ 1950ರ ದಶಕದಲ್ಲಿ ಹಾಚ್ಕಿಸ್ ಕಂಪನಿಯ ಪರವಾನಗಿ ಜೀಪು ಬಂತು. ಫಿಲಿಪ್ಪೀನ್ಸಿನಲ್ಲಿ ಉಳಿದ ಜೀಪುಗಳು ಉದ್ದವಾಗಿ, ಬಣ್ಣ ಬಳಿದುಕೊಂಡು, ಜನ ಹತ್ತಿ ಇಳಿಯುವ ‘ಜೀಪ್ನಿ’ಗಳಾದವು.

ಎಂಬತ್ತು ಲಕ್ಷದ ಜೀಪುಗಳು

ಭಾರತಕ್ಕೂ ಇಂಥದೇ ಜೀಪುಗಳು ಬೇಕಾಗಿದ್ದವು. 1947ರ ಕೊನೆಯಲ್ಲಿ ಕಾಶ್ಮೀರದಲ್ಲಿ ಕದನ ಆರಂಭವಾಗಿ ಸೇನೆಗೆ ವಾಹನಗಳ ತೀವ್ರ ಕೊರತೆ ಉಂಟಾಯಿತು. 1948ರಲ್ಲಿ ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅಲ್ಲಿನ ಒಂದು ಸಣ್ಣ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ದುರಸ್ತಿ ಮಾಡಿ ಹೊಸತರಂತೆ ಮಾಡಿದ 2000 ಜೀಪುಗಳು, ಒಂದಕ್ಕೆ 300 ಪೌಂಡಿನಂತೆ. ಆಗಿನ ರೂಪಾಯಿ ಲೆಕ್ಕದಲ್ಲಿ ಒಟ್ಟು ಸುಮಾರು 80 ಲಕ್ಷ. ವಿಧಿವತ್ತಾದ ಕ್ರಮಗಳನ್ನು ಬದಿಗಿಟ್ಟು ಮಾಡಿದ ಒಪ್ಪಂದ ಅದು, ಹಣದ ದೊಡ್ಡ ಪಾಲನ್ನೂ ಮುಂಗಡವಾಗಿ ಕೊಟ್ಟಾಗಿತ್ತು. ಕಡೆಗೆ ಬಂದದ್ದು 155 ಜೀಪುಗಳು. ಅವನ್ನು ನೋಡಿದ ಸೇನೆ ಉಪಯೋಗಕ್ಕೆ ಬಾರದವೆಂದು ತಿರಸ್ಕರಿಸಿತು.

ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. ಅನಂತಶಯನಂ ಅಯ್ಯಂಗಾರ್ ನೇತೃತ್ವದ ಸಮಿತಿ ಒಪ್ಪಂದದ ರೀತಿಯನ್ನು ಟೀಕಿಸಿತು. 1955ರ ಸೆಪ್ಟೆಂಬರ್ 30ರಂದು ಗೃಹ ಸಚಿವ ಗೋವಿಂದ ವಲ್ಲಭ ಪಂತರು, ಸರ್ಕಾರದ ಮಟ್ಟಿಗೆ ಪ್ರಕರಣ ಮುಗಿಯಿತೆಂದು ಸಾರಿದರು. ಕೆಲವೇ ತಿಂಗಳಲ್ಲಿ, 1956ರ ಫೆಬ್ರುವರಿಯಲ್ಲಿ, ಮೆನನ್ ಕೇಂದ್ರ ಸಂಪುಟ ಸೇರಿದರು. ಮೆನನ್ ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಯಾರೂ ಸಾಬೀತು ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಈ ಪ್ರಕರಣವನ್ನು ರಾಜಕೀಯದ ಕತೆಯಾಗಿ ಎಲ್ಲರೂ ಬಲ್ಲರು. ಅದರ ತಿರುಳು ಮಾತ್ರ ಯಾವ ಗ್ಯಾರೇಜಿನವನಿಗೂ ಗೊತ್ತಿರುವಂಥದ್ದೇ. ಕಟ್ಟಿದ ಎಂಜಿನ್ನಿನ ಒಳಗನ್ನು ಕೊಳ್ಳುವವನು ನೋಡಲಾರ. ಹೊರಗೆ ಬಣ್ಣ ಹೊಸದು, ಪ್ಯಾಕಿಂಗು ಹೊಸದು. ಒಳಗೆ ಸಿಲಿಂಡರ್ ಕೊರೆದು ಅಳತೆಗೆ ತಂದಿದ್ದಾರೋ, ಬರೀ ಹೊಸ ರಿಂಗು ತುರುಕಿದ್ದಾರೋ ತಿಳಿಯುವುದು ಓಡಿದ ಮೇಲೆ. ಸಾವಿರಾರು ಮೈಲಿ ದೂರದಲ್ಲಿ ಕಟ್ಟಿದ ಎಂಜಿನ್ನನ್ನು ಕಾಗದದ ಮೇಲಿನ ಮಾತು ನಂಬಿ ಕೊಳ್ಳುವುದಕ್ಕಿಂತ ಎದುರಿಗೇ ಬಿಚ್ಚಿ ಕಟ್ಟಿಸಿಕೊಳ್ಳುವುದು ಲೇಸೆಂದು ದೇಶದ ಸಾಮಾನ್ಯ ಜೀಪು ಮಾಲೀಕ ಕಂಡುಕೊಂಡದ್ದು ಈ ಹಗರಣದಿಂದಲ್ಲ, ತನ್ನ ಕೈಸುಟ್ಟುಕೊಂಡು.

ಇದೇ ಹೊತ್ತಿಗೆ ಇಲ್ಲೇ ಜೀಪು ಜೋಡಿಸುವ ಕೆಲಸವೂ ಆರಂಭವಾಗಿತ್ತು. 1945ರಲ್ಲಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂದು ಹುಟ್ಟಿದ ಕಂಪನಿ ದೇಶವಿಭಜನೆಯ ನಂತರ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಮೊದಲ ಹಣಕಾಸು ಸಚಿವರಾದಾಗ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ವಿಲ್ಲಿಸ್‌ನಿಂದ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸುತ್ತಿದ್ದ ಈ ಕಂಪನಿ ಕ್ರಮೇಣ ಇಲ್ಲೇ ತಯಾರಿಸತೊಡಗಿತು. ಭಾರತದ ರಸ್ತೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಬಾನೆಟ್ಟು ಎತ್ತರವಾದ ಜೀಪು, ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ. ಬಾನೆಟ್ಟು ಎತ್ತರಿಸಿದ್ದು ಚೆಂದಕ್ಕಲ್ಲ. ಗೋ ಡೆವಿಲ್ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನೊಳಗೇ ಇದ್ದು ಹೆಡ್ಡು ಬರೀ ಮುಚ್ಚಳದಂತಿತ್ತು. ಅದೇ ಅಳತೆಯ ಸಿಲಿಂಡರುಗಳನ್ನಿಟ್ಟುಕೊಂಡು, ಗಾಳಿ-ಪೆಟ್ರೋಲು ಒಳಬರುವ ವಾಲ್ವುಗಳನ್ನು ಮಾತ್ರ ಹೆಡ್ಡಿಗೆ ಸಾಗಿಸಿದ ‘ಹರಿಕೇನ್’ ಎಂಜಿನ್ ಎತ್ತರವಾಯಿತು. ಅದಕ್ಕೆ ಜಾಗ ಮಾಡಿಕೊಡಲು ಬಾನೆಟ್ಟು ಮೇಲೇರಿತು. ಅಮೆರಿಕದಲ್ಲಿ ಈ ಮಾದರಿ 1968ಕ್ಕೆ ನಿಂತಿತು. ಇಲ್ಲಿ ಅದರ ವಂಶ ಇನ್ನೂ ಹಲವು ದಶಕ ಮುಂದುವರಿಯಿತು.

ಅರಣ್ಯ ಇಲಾಖೆ, ಪೊಲೀಸು, ಕಂದಾಯ, ಬ್ಲಾಕ್ ಡೆವಲಪ್‌ಮೆಂಟ್ ಕಚೇರಿ ಎಲ್ಲ ಕಡೆಯೂ ಜೀಪು ನಿಂತಿತು. ಸೇನೆ ಹರಾಜಿಗೆ ಹಾಕಿದ ‘ಡಿಸ್ಪೋಸಲ್’ ಜೀಪುಗಳನ್ನು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಕೊಂಡರು. ಗೊಬ್ಬರ, ಹಣ್ಣುಕಾಫಿ, ಆಳುಗಳು, ಬಾಣಂತಿ, ಮದುವೆ ದಿಬ್ಬಣ ಎಲ್ಲವನ್ನೂ ಅದು ಹೊತ್ತಿತು. ಹೀಗೆ ಹೊತ್ತ ಎಂಜಿನ್ ಒಂದಲ್ಲ ಒಂದು ದಿನ ‘ಬೋರಿಗೆ ಬರು’ತ್ತಿತ್ತು.

ಬೋರಿಗೆ ಬಂದ ಎಂಜಿನ್

ಬೋರಿಗೆ ಬಂದಿದೆ ಎಂಬುದಕ್ಕೆ ಲಕ್ಷಣಗಳಿವೆ. ಸೈಲೆನ್ಸರಿನಿಂದ ನೀಲಿ ಹೊಗೆ, ದಿಣ್ಣೆಯಲ್ಲಿ ಎಳೆತವಿಲ್ಲದಿರುವುದು, ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುವುದು, ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಕೈಗೆ ಒತ್ತಡವೇ ಸಿಗದಿರುವುದು. ಸಾವಿರಾರು ಗಂಟೆ ಮೇಲೆ ಕೆಳಗೆ ಉಜ್ಜಿದ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಯನ್ನು ಸವೆಸಿರುತ್ತವೆ. ಸವೆತ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಬೆಂಕಿ ಹತ್ತುವ ಮೇಲ್ಭಾಗದಲ್ಲಿ ಹೆಚ್ಚು, ಕೆಳಗೆ ಕಡಿಮೆ. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ. ದುಂಡಗಿದ್ದದ್ದು ಮೊಟ್ಟೆಯಾಗಿರುತ್ತದೆ, ನೇರವಿದ್ದದ್ದು ಆಲಿಕೆಯಾಗಿರುತ್ತದೆ. ಇಂಥದಕ್ಕೆ ಹೊಸ ರಿಂಗು ಹಾಕಿದರೆ ನಾಲ್ಕು ದಿನದ ಉಪಶಮನ, ಅಷ್ಟೆ.

ಎಂಜಿನ್ ಇಳಿಸುವುದು ನೋಡಲು ದೊಡ್ಡ ಕೆಲಸವಾದರೂ ಜೀಪಿನಲ್ಲಿ ಕಷ್ಟವಿಲ್ಲ. ಬಾನೆಟ್ಟು ಎತ್ತಿ ಇಡುವುದು, ರೇಡಿಯೇಟರ್ ತೆಗೆಯುವುದು, ಪೈಪು ಮತ್ತು ವೈರುಗಳನ್ನು ಬಿಡಿಸುವುದು, ಗೇರ್‌ಬಾಕ್ಸಿಗೆ ಸೇರಿಸಿದ ಬೋಲ್ಟುಗಳನ್ನು ಕಳಚುವುದು. ಆಮೇಲೆ ಮೂರು ಮರದ ಕಂಬ ಕಟ್ಟಿ ನಿಲ್ಲಿಸಿದ ಮುಕ್ಕಾಲಿಗೋ, ಗಟ್ಟಿಯಾದ ಮರದ ಕೊಂಬೆಗೋ ಚೈನು ರಾಟೆ ತೂಗುಹಾಕಿ ಎಂಜಿನ್ನನ್ನು ಮೂತಿ ಮೇಲಾಗಿ ಎತ್ತಿದರೆ ಅದು ಹೊರಗೆ ಬರುತ್ತದೆ. ಸೇನೆಯವರು ಹಾಗೆ ಬರಲೆಂದೇ ಮಾಡಿಸಿದ್ದು.

ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಾಗ ಎಂಜಿನ್ನಿನ ಹಳೆಯ ಚರಿತ್ರೆಯೆಲ್ಲ ಕಾಣಿಸುತ್ತದೆ. ಹಿಂದೆ ಯಾರು, ಎಷ್ಟು ಸಲ ಕೈಹಾಕಿದ್ದರು ಎಂಬುದಕ್ಕೆ ಪಿಸ್ಟನ್ನಿನ ತಲೆಯ ಮೇಲೆ ಒತ್ತಿದ ಅಂಕಿ ನೋಡಿದರೆ ಸಾಕು. 10 ಎಂದಿದ್ದರೆ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ ಹತ್ತು ಭಾಗ ದೊಡ್ಡದು. ಹಾಗೆಯೇ 20, 30, 40. ಲೇತ್ ಅಂಗಡಿಯವನು ಸಿಲಿಂಡರಿನ ಸವೆತ ಅಳೆದು ಎಷ್ಟು ಕೊರೆದರೆ ಮತ್ತೆ ದುಂಡಗಾಗುತ್ತದೆ ಎಂದು ನೋಡಿ, ಆ ಅಳತೆಯ ಪಿಸ್ಟನ್ ತರಲು ಹೇಳುತ್ತಾನೆ. ತಿಳಿದ ಕೆಲಸಗಾರ ಪಿಸ್ಟನ್ ಕೈಗೆ ಬರದೆ ಬೋರಿಂಗ್ ಆರಂಭಿಸುವುದಿಲ್ಲ. ಡಬ್ಬಿಯ ಮೇಲಿನ ಅಂಕಿ ಒಂದೇ ಆದರೂ ಒಂದೊಂದು ಪಿಸ್ಟನ್ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇರುತ್ತದೆ. ಸಿಲಿಂಡರನ್ನು ಪಿಸ್ಟನ್ನಿಗೆ ಹೊಂದಿಸಬಹುದು, ಪಿಸ್ಟನ್ನನ್ನು ಸಿಲಿಂಡರಿಗೆ ಹೊಂದಿಸಲಾಗದು. ಕೊರೆದು ಕೊರೆದು ಇನ್ನು ಕೊರೆಯಲು ಗೋಡೆ ಉಳಿದಿಲ್ಲ ಎಂದಾದಾಗ ಬ್ಲಾಕನ್ನು ಎಸೆಯುವುದೂ ಇಲ್ಲ. ದೊಡ್ಡದಾಗಿ ಕೊರೆದು ಒಳಗೆ ಹೊಸ ಕೊಳವೆ, ಅಂದರೆ ಲೈನರ್ ಕೂರಿಸಿ, ಕಾರ್ಖಾನೆಯಿಂದ ಬಂದಾಗಿನ ಮೊದಲ ಅಳತೆಗೇ ತರುತ್ತಾರೆ. ಅಲ್ಲಿಂದ ಮತ್ತೆ ಹತ್ತು, ಇಪ್ಪತ್ತು, ಮೂವತ್ತು.

ಕ್ರ್ಯಾಂಕ್ ಶಾಫ್ಟಿನದು ಇದಕ್ಕೆ ಉಲ್ಟಾ ಲೆಕ್ಕ. ಅದನ್ನು ಉಜ್ಜಿ ಸಣ್ಣದು ಮಾಡಿ, ಅಷ್ಟೇ ದಪ್ಪನೆಯ ಬೇರಿಂಗ್ ಹಾಕಬೇಕು. ಗೋ ಡೆವಿಲ್‌ನಲ್ಲಿ ಶಾಫ್ಟನ್ನು ಹೊರುವ ಬೇರಿಂಗುಗಳು ಮೂರೇ. ಒಂದೊಂದರ ಟೋಪಿ ಬಿಗಿದ ಮೇಲೂ ಮೇಸ್ತ್ರಿ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡುತ್ತಾನೆ. ಎರಡನೆಯದನ್ನು ಬಿಗಿದಾಗ ತಿರುಗುವುದು ಬಿರುಸಾದರೆ ತಪ್ಪು ಎರಡನೆಯದರಲ್ಲಿದೆ ಎಂದರ್ಥ. ಮೂರನ್ನೂ ಒಟ್ಟಿಗೆ ಬಿಗಿದು ಆಮೇಲೆ ತಿರುಗಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುತ್ತ ಕೂರಬೇಕಾಗುತ್ತದೆ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮೊದಲು ಬರೀ ಸಿಲಿಂಡರಿನೊಳಗಿಟ್ಟು ಅದರ ಎರಡು ತುದಿಗಳ ನಡುವಿನ ಸಂದನ್ನು ತೆಳು ತಗಡಿನ ಗೇಜಿನಿಂದ ಅಳೆಯಬೇಕು. ಸಂದಿಲ್ಲದ ರಿಂಗು ಬಿಸಿಯಾಗಿ ಹಿಗ್ಗಿದಾಗ ಗೋಡೆಯನ್ನು ಗೀರಿಬಿಡುತ್ತದೆ. ವಾಲ್ವುಗಳಿಗೆ ಪೇಸ್ಟು ಹಚ್ಚಿ ಅದರ ಪೀಠದ ಮೇಲೆ ತಿರುಗಿಸಿ ತಿರುಗಿಸಿ ಉಜ್ಜುವ ಕೆಲಸ ಗ್ಯಾರೇಜಿನ ಹುಡುಗನ ಪಾಲಿನದು. ಬೇಸರದ ಕೆಲಸ. ಒಂದು ವಾಲ್ವನ್ನು ಅವಸರದಲ್ಲಿ ಬಿಟ್ಟರೂ ಒಂದು ಸಿಲಿಂಡರು ಕುಂಟುತ್ತದೆ.

ಅಮೆರಿಕದ ಕೈಪಿಡಿ ಬೋಲ್ಟು ಬಿಗಿಯಲು ಅಳತೆಯ ಸ್ಪ್ಯಾನರ್ ಬೇಕೆನ್ನುತ್ತದೆ. ಅಂಥದಿಲ್ಲದೆ ಬರೀ ಕೈ ಅಂದಾಜಿನಲ್ಲಿ ಬಿಗಿದ ಎಂಜಿನ್ನುಗಳು ಸಾವಿರಗಟ್ಟಲೆ ಓಡಿವೆ. ಅಷ್ಟೇ ಸಂಖ್ಯೆಯ ಹೆಡ್ ಪ್ಯಾಕಿಂಗುಗಳು ಸುಟ್ಟೂ ಹೋಗಿವೆ ಎಂಬುದನ್ನು ಮರೆಯಬಾರದು. ನಮ್ಮ ಮೇಸ್ತ್ರಿಗಳ ಕೈಚಳಕವನ್ನು ಹೊಗಳುವ ಭರದಲ್ಲಿ ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಕಟ್ಟಿದ ಎಂಜಿನ್ನನ್ನು ಮತ್ತೆ ಕೂರಿಸುವಾಗ ಒಂದು ಸೂಕ್ಷ್ಮವಿದೆ. ಗೇರ್‌ಬಾಕ್ಸಿನಿಂದ ಚಾಚಿದ ಹಲ್ಲಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ತೂತನ್ನು ಹೊಕ್ಕು ಫ್ಲೈವೀಲಿನ ಮಧ್ಯದ ಬುಷ್ ಸೇರಬೇಕು. ಪ್ಲೇಟು ಕೂದಲಷ್ಟು ಪಕ್ಕಕ್ಕೆ ಸರಿದಿದ್ದರೂ ಒಳಹೋಗದು. ಹಾಗಾಗಿ ಹಳೆಯ ಗೇರ್‌ಬಾಕ್ಸೊಂದರ ಶಾಫ್ಟನ್ನು ಗ್ಯಾರೇಜಿನವರು ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ. ಅದನ್ನು ತೂತಿಗೆ ಹಾಕಿ ಪ್ಲೇಟನ್ನು ನೇರ ಮಾಡಿ, ಕ್ಲಚ್ಚಿನ ಬೋಲ್ಟು ಬಿಗಿದ ನಂತರ ಹೊರಗೆಳೆಯುತ್ತಾರೆ. ಆಮೇಲೆ ರಾಟೆಯಲ್ಲಿ ತೂಗುವ ಎಂಜಿನ್ನನ್ನು ಇಬ್ಬರು ಹಿಡಿದು ಅಲುಗಾಡಿಸುತ್ತ, ಮೂರನೆಯವನು ಚೈನು ಬಿಡುತ್ತ, ಹಿಂದಕ್ಕೆ ಒತ್ತುತ್ತಾರೆ. ಸರಿಯಾಗಿ ಕೂತಾಗ ‘ಟಕ್’ ಎಂಬ ಸದ್ದು. ಬೋಲ್ಟು ಬಿಗಿದು ಎಳೆದು ಸೇರಿಸಲು ಹೋದವರು ಕ್ಲಚ್ ಪ್ಲೇಟು ಬಾಗಿಸಿ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡಿದ್ದುಂಟು.

ಇಷ್ಟೆಲ್ಲ ಆದ ಮೇಲೂ ಜೀಪು ನಿಂತ ಕಡೆ ನೆಲದ ಮೇಲೆ ಒಂದೆರಡು ಹನಿ ಆಯಿಲ್ ಬೀಳುತ್ತದೆ. ಕ್ರ್ಯಾಂಕಿನ ಹಿಂತುದಿಯಲ್ಲಿ ಆಯಿಲ್ ತಡೆಯಲು ಹಳೆಯ ಎಂಜಿನ್ನಿನಲ್ಲಿದ್ದದ್ದು ಹಗ್ಗದಂಥ ಒಂದು ಬತ್ತಿ. ಅದನ್ನು ಎಷ್ಟು ಚೆನ್ನಾಗಿ ಜಡಿದರೂ ಸ್ವಲ್ಪ ಜಿನುಗುವುದೇ.

1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆ ಬಿಗಿಹಿಡಿದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಆ ವರ್ಷದ ನವೆಂಬರಿನಲ್ಲಿ ಪೆಟ್ರೋಲು ಬೆಲೆ ವಿರೋಧಿಸಿ ಅಟಲ ಬಿಹಾರಿ ವಾಜಪೇಯಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ಜೀಪಿನ ಒಡೆಯರಿಗೆ ಎತ್ತಿನಗಾಡಿಗಿಂತ ಬೇರೆ ಉಪಾಯ ಹೊಳೆಯಿತು, ಎಂಜಿನ್ನನ್ನೇ ಬದಲಿಸುವುದು. ಪೆಟ್ರೋಲಿನದನ್ನು ಇಳಿಸಿ ಡೀಸೆಲಿನದನ್ನು ಕೂರಿಸುವ ಕೆಲಸ ದೇಶದಾದ್ಯಂತ ಹಬ್ಬಿತು. ಕಂಪನಿಯೂ ಅದೇ ದಾರಿ ಹಿಡಿದು ಮೊದಲು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು, ಅನಂತರ ಫ್ರಾನ್ಸಿನ ಪ್ಯೂಜೊ ಪರವಾನಗಿಯ 2112 ಸಿಸಿ ಎಂಜಿನ್ನನ್ನು ಜೀಪಿಗೆ ಹಾಕಿತು.

ಡೀಸೆಲು ಕೂರಿಸುವುದು ಕಟ್ಟಿ ಕೂರಿಸುವಷ್ಟು ಸರಳವಲ್ಲ. ಯುದ್ಧಕಾಲದ ಜೀಪಿನ ವಿದ್ಯುತ್ತು 6 ವೋಲ್ಟಿನದು. ಪೆಟ್ರೋಲು ಎಂಜಿನ್ ಒಳಬಂದದ್ದನ್ನು ಆರೂವರೆ ಪಟ್ಟು ಅದುಮಿದರೆ ಡೀಸೆಲಿನದು ಇಪ್ಪತ್ತು ಪಟ್ಟಿಗೂ ಹೆಚ್ಚು ಅದುಮುತ್ತದೆ. ಅದನ್ನು ತಿರುಗಿಸಲು 12 ವೋಲ್ಟಿನ ದೊಡ್ಡ ಬ್ಯಾಟರಿ, ಗಟ್ಟಿ ಸ್ಟಾರ್ಟರ್ ಬೇಕು. ತೂಕ ಹೆಚ್ಚಿದ್ದರಿಂದ ಮುಂದಿನ ಪಟ್ಟಾಗಳು ತಗ್ಗುತ್ತವೆ. ನಡುಕ ಹೆಚ್ಚಿದ್ದರಿಂದ ಎಂಜಿನ್ ಕೂರುವ ಬ್ರ್ಯಾಕೆಟ್ಟುಗಳು ಬಿರುಕು ಬಿಡುತ್ತವೆ. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವೆ ಹೊಸ ತಟ್ಟೆ ಕಡೆಸಬೇಕು. ಇದನ್ನೆಲ್ಲ ಲೇತ್ ಅಂಗಡಿಗಳು ಮಾಡಿಕೊಟ್ಟವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಭಾಗಗಳು ಸಿಕ್ಕವು. ಹರಿಯಾಣದ ಮಂಡಿ ಡಬವಾಲಿಯಂಥ ಊರು ಜೀಪನ್ನು ಬೇಕಾದಂತೆ ಕಟ್ಟಿಕೊಡುವುದಕ್ಕೇ ಹೆಸರಾಯಿತು.

ಈಗಿನ ತೊಡಕು ಇಲ್ಲಿಂದ ಹುಟ್ಟಿದ್ದು. ವಾಹನದ ನೋಂದಣಿ ಪುಸ್ತಕದಲ್ಲಿ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಎರಡೂ ಇರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಿಸಲು ಮೊದಲೇ ಒಪ್ಪಿಗೆ ಪಡೆದು ಪುಸ್ತಕದಲ್ಲಿ ಬರೆಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿ ಓದಿತು. 2022ರ ಏಪ್ರಿಲಿನಲ್ಲಿ ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಹಳೆಯ ವಾಹನಗಳಿಗೆ ಹೊಗೆಯ ಪ್ರಶ್ನೆಯೂ ಇದೆ, ಸುರಕ್ಷತೆಯ ಪ್ರಶ್ನೆಯೂ ಇದೆ. ಯಾತ್ರಿಕರನ್ನು ಕಡಿದಾದ ಗುಡ್ಡ ಹತ್ತಿಸುವ ಜೀಪಿನ ಎಂಜಿನ್ನು ಯಾವುದು, ಬ್ರೇಕು ಅದರ ತೂಕಕ್ಕೆ ತಕ್ಕದ್ದೇ ಎಂದು ಸರ್ಕಾರ ಕೇಳುವುದು ತಪ್ಪೇನಲ್ಲ.

ಆದರೆ 2021ರ ಜುಲೈನಲ್ಲಿ ಬಂದ ಪುರಾತನ ವಾಹನಗಳ ನಿಯಮ ನೋಡಿ. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರದ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು, ಬಾಡಿಗೆಗೆ ಓಡಿಸಬಾರದು ಎಂಬುದು ಅದರ ಷರತ್ತು. ಶ್ರೀಮಂತರ ಮನೆಯ ಷೆಡ್ಡಿನಲ್ಲಿ ದೂಳು ಒರೆಸಿಕೊಂಡು ನಿಂತ ಕಾರಿಗೆ ಈ ನಿಯಮ ಸರಿಯಾಗಿ ಹೊಂದುತ್ತದೆ. ಜೀಪಿಗೆ ಹೊಂದುವುದು ಕಷ್ಟ. ರಣರಂಗದಲ್ಲೇ ಎಂಜಿನ್ ಬದಲಿಸಿಕೊಂಡು ಬಂದ ವಾಹನದ ಮೂಲ ರೂಪ ಯಾವುದು? ಲೈನರು ಕೂರಿಸಿ, ಪಿಸ್ಟನ್, ವಾಲ್ವು, ಬೇರಿಂಗು ಎಲ್ಲವನ್ನೂ ನಾಲ್ಕು ಸಲ ಬದಲಿಸಿದ ಬ್ಲಾಕಿನ ಮೇಲೆ ಹಳೆಯ ಸಂಖ್ಯೆ ಇದ್ದರೆ ಅದು ದಾಖಲೆಗೆ ಅದೇ ಎಂಜಿನ್. ಒಂದೇ ಸಲ ಬದಲಿಸಿದ, ಅದೂ ಮೂವತ್ತು ನಲವತ್ತು ವರ್ಷ ಹಳೆಯದಾದ ಡೀಸೆಲು ಬೇರೆ ಎಂಜಿನ್.

ಹೀಗಾಗಿ ಒಂದು ವಿಚಿತ್ರ ಹುಡುಕಾಟ ನಡೆದಿದೆ. ಎಪ್ಪತ್ತರ ದಶಕದಲ್ಲಿ ಡೀಸೆಲು ಕೂರಿಸುವಾಗ ಇಳಿಸಿದ ಪೆಟ್ರೋಲು ಎಂಜಿನ್ನುಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದವು, ಇಲ್ಲವೇ ತೋಟದ ಷೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಬಿದ್ದಿದ್ದವು. ಜೀಪನ್ನು ಮೊದಲಿನಂತೆ ಮಾಡಬೇಕೆನ್ನುವವರು ಈಗ ಅವನ್ನೇ ಅರಸುತ್ತಾರೆ. ತುಕ್ಕು ಹಿಡಿದು ಪಿಸ್ಟನ್ ಕಚ್ಚಿಕೊಂಡಿದ್ದರೂ ಅಡ್ಡಿಯಿಲ್ಲ, ಕೊರೆದು ಲೈನರ್ ಹಾಕಿದರೆ ಆಯಿತು. ಅವರು ಟಾರ್ಚು ಹಿಡಿದು, ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸು ಒರೆಸಿ ಮೊದಲು ನೋಡುವುದು ನೀರಿನ ಪಂಪಿನ ಬಳಿಯ ಆ ಸಂಖ್ಯೆಯನ್ನು.